ಗುಡ್ಡದ ತಲೆಗೆ ಕಟ್ಟಿದ ಸಾವು

ಸೀಗಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಅವ್ವ ಹಿಂದಿನ ದಿನ ಉಳಿದಿದ್ದ ಸಜ್ಜೆ ರೊಟ್ಟಿಗಳನ್ನು ಬಿಳಿ ಅರಿವೆಯಲ್ಲಿ ಕಟ್ಟಿದಳು. ಜೊತೆಗೆ ಗುರೆಳ್ಳು ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಸಣ್ಣ ಗಡಿಗೆಯಲ್ಲಿ ಗಟ್ಟಿ ಮೊಸರು. ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಕೈಯಲ್ಲಿ ಬಡಿಗೆ ಹಿಡಿದು ಅಂಗಳದಲ್ಲಿ ನಿಂತಿದ್ದ. ನಾವು ಮೂವರು ಮಕ್ಕಳು. ನಾನು ದೊಡ್ಡವಳು, ಶಾಂತಾ, ಆ ವರ್ಷ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರಬೇಕಾಗಿದ್ದವಳು. ನನ್ನ ಬೆನ್ನಿಗೆ ಬಿದ್ದ ತಮ್ಮ ಮಲ್ಲೇಶಿ. ಎಲ್ಲರಿಗಿಂತ ಸಣ್ಣವಳು ಚೆನ್ನಿ, ಇನ್ನೂ ಶಾಲೆಯ ಮೆಟ್ಟಿಲು ಹತ್ತದವಳು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಊರು ಮಾಸೂರು. ಅದು ನಮ್ಮ ಮನೆಯ ಕೊನೆಯ ಸಾದಾ ದಿನ.

ಆ ದಿನವನ್ನು ಬಿಡಿಸಿ ಬರೆಯಲು ಕಾರಣವಿದೆ. ನಮ್ಮ ಮನೆಯಲ್ಲಿ ಅದನ್ನು ಕೆಟ್ಟ ದಿನ ಎನ್ನುತ್ತಾರೆ. ಹತ್ತು ವರ್ಷಗಳಿಂದ ಹಾಗೆಯೇ ಅನ್ನುತ್ತ ಬಂದಿದ್ದಾರೆ. ಹಾಗೆ ಅನ್ನುವವರಲ್ಲಿ ಒಬ್ಬರೂ ಅವತ್ತು ನಮ್ಮ ಜೊತೆ ಇರಲಿಲ್ಲ.

ಸೀಗಿ ಹುಣ್ಣಿಮೆಗೆ ಊರೆಲ್ಲ ಹೊಲಕ್ಕೆ ಹೋಗುತ್ತದೆ. ಬಂಡಿ ಕಟ್ಟಿಕೊಂಡು, ಅಡಿಗೆ ಹೊತ್ತುಕೊಂಡು, ಬೆಳೆಗೆ ಎಡೆಯ ಅನ್ನದ ಚರಗ ಚೆಲ್ಲಿ, ಉಂಡು ಬರುತ್ತಾರೆ. ಮರುದಿನ ಎತ್ತುಗಳಿಗೆ ಬಿಡುವು, ಹೆಂಗಸರಿಗೆ ಪಾತ್ರೆ ತಿಕ್ಕುವ ಕೆಲಸ. ಆ ಬಿಡುವಿನ ದಿನ ನಮ್ಮಪ್ಪ ನಮ್ಮನ್ನು ಮದಗದ ಕೆರೆಯ ಪಕ್ಕದ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದ. ಕಟ್ಟಿಗೆ ತರಲು ಅಲ್ಲ, ದನ ಮೇಯಿಸಲು ಅಲ್ಲ, ಹರಕೆ ಮುಟ್ಟಿಸಲೂ ಅಲ್ಲ. ಸುಮ್ಮನೆ ನಡೆಯಲು, ಅಲ್ಲಿ ಏನೇನಿದೆ ಎಂದು ನೋಡಲು. ನಮ್ಮೂರಲ್ಲಿ ಹಾಗೆ ಮಾಡುವವರು ಬೇರೆ ಯಾರೂ ಇರಲಿಲ್ಲ.

ದೊಡ್ಡಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಅಪ್ಪನ ಅಣ್ಣ, ಮನೆಯ ಯಜಮಾನರು. ಅವರ ಮಾತು ಮನೆಯಲ್ಲಿ ಮಾತ್ರವಲ್ಲ, ಓಣಿಯಲ್ಲೂ ನಡೆಯುತ್ತಿತ್ತು.

“ಏನ್ ಹುಡುಕಾಕ ಹೊಂಟೀಪಾ ಈರ್ಯಾ? ಆಕಳಾ ತಪ್ಪಿಸ್ಕೊಂಡೈತೇನ?” ಅಂದರು.

“ಇಲ್ಲಣ್ಣಾ. ಎರಡ ಕಾಲಿನ ಮೂರು ಕರಾ ಅದಾವಲಾ, ಅವನ್ನ ಮೇಯಿಸ್ಕೊಂಡ ಬರ್ತೇನಿ.”

“ಕೆಲಸಿಲ್ದ ಗುಡ್ಡಾ ಹತ್ತೂ ಮನಷ್ಯಾನ್ನ ನಿನ್ನೊಬ್ಬನ್ನ ನೋಡಿದ್ನಿ ನೋಡು. ಬಾಳೇವು ಮಾಡೂ ಹೆಣಮಗಳನ್ನೂ ಬ್ಯಾರೆ ಎಳ್ಕೊಂಡ ಹೊಂಟಾನ!” ಅಂದು ನಕ್ಕರು. ಆಮೇಲೆ ಚೆನ್ನಿಯನ್ನು ಹತ್ತಿರ ಕರೆದು ಕೈಗೊಂದು ಬೆಲ್ಲದ ತುಣುಕು ಕೊಟ್ಟರು. “ಚೆನ್ನವ್ವಾ, ದೊಡ್ಡಪ್ಪಗ ಏನ್ ತರ್ತೀ?”

“ನವಲು!”

“ಹಿಡ್ಕೊಂಡ ಬಾ ಮತ್ತ. ದಂದಕ್ಯಾಗ ಕಟ್ಟೂಣು, ಎಮ್ಮಿ ಬಾಜೂಕ.”

ಪಕ್ಕದ ಮನೆಯ ಪಾರವ್ವಾಯಿ ತನ್ನ ಹೊಸ್ತಿಲ ಮೇಲಿದ್ದಳು. ಮೊಣಕಾಲು ಬಿದ್ದುಹೋಗಿ ಆಕೆ ಆ ಹೊಸ್ತಿಲು ಬಿಟ್ಟು ಕದಲದೆ ವರ್ಷಗಳೇ ಆಗಿದ್ದವು. “ಮ್ಯಾಲ ಹೊಂಟೀರಿ, ದೇವರ ಭೆಟ್ಟಿ ಆದ್ರ ಹೇಳ್ರೆವಾ, ಮುದುಕಿ ಇನ್ನೂ ಕುಂತಾಳ ಅಂತ,” ಅಂದಳು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಈ ಪಾರವ್ವಾಯಿಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಮ್ಮ ಮನೆಯವರು ಆಕೆಯನ್ನು ಮರೆತಿದ್ದಾರೆ.

ಗುಡ್ಡಕ್ಕೆ ನಡೆಯುವಾಗ ಅಪ್ಪನದು ಒಂದೇ ಕಟ್ಟಳೆ. ಎಲ್ಲರಿಗಿಂತ ಸಣ್ಣವರು ಮುಂದೆ ನಡೆಯಬೇಕು, ಉಳಿದವರು ಅವರ ಹಿಂದೆ. ಯಾರೂ ದಾಟಿ ಹೋಗಬಾರದು. ಅವರು ನಿಂತರೆ ಎಲ್ಲರೂ ನಿಲ್ಲಬೇಕು. ಮೊದಲು ನಾನು ಮುಂದಿದ್ದೆ, ಆಮೇಲೆ ಮಲ್ಲೇಶಿ, ಈಗ ಚೆನ್ನಿ. ಬೇರೆ ಮನೆಗಳಲ್ಲಿ ಗಂಡಸರು ಮುಂದೆ ಬಿರಬಿರನೆ ಹೋಗುತ್ತಾರೆ. ಹೆಂಗಸು ಕೂಸನ್ನು ಎತ್ತಿಕೊಂಡು ಹಿಂದೆ ಓಡುತ್ತಾಳೆ. ನಮ್ಮಪ್ಪ ಎಲ್ಲರ ಹಿಂದೆ, ಬುತ್ತಿಯ ಗಂಟು ಹೊತ್ತು, ಆ ಮೋಟು ಲಂಗದ ಹುಡುಗಿಯ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡು ಬರುತ್ತಿದ್ದ.

ಗದ್ದೆಗಳಲ್ಲಿ ನೆಲ್ಲು ತೆನೆ ಹಿರಿದಿತ್ತು. ಬದುವಿನುದ್ದಕ್ಕೂ ಗುರೆಳ್ಳಿನ ಹಳದಿ ಹೂ. ಏರಿ ಹತ್ತಿದಾಗ ಎರಡು ಗುಡ್ಡಗಳ ನಡುವೆ ಕೆರೆ ತುಂಬಿ ನಿಂತಿತ್ತು. ಗಾಳಿಗೆ ನೀರು ಕಲ್ಲಿಗೆ ಬಡಿಯುವ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಬೆಳ್ಳಕ್ಕಿಗಳು ಅಂಚಿನ ಕೆಸರಿನಲ್ಲಿ ಒಂದೊಂದೇ ಕಾಲೆತ್ತಿ ಇಡುತ್ತಿದ್ದವು. ಚೆನ್ನಿಯೂ ಹಾಗೇ ಕಾಲೆತ್ತಿ ಇಡುತ್ತ ನಡೆದಳು. ಹಿಂದಿದ್ದ ನಾವೂ ಹಾಗೇ ನಡೆಯಬೇಕಾಯಿತು, ಅವ್ವ ಸಹಿತ.

ಆಡು ಹತ್ತುವ ದಾರಿಯಲ್ಲಿ ಚೆನ್ನಿ ಥಟ್ಟನೆ ಕೂತಳು. ಸಗಣಿ ಹುಳವೊಂದು ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಿಂದ ಒದೆಯುತ್ತ ಏರು ಹತ್ತುತ್ತಿತ್ತು. ಉಂಡೆ ಜಾರುವುದು, ಹುಳ ಕೆಳಗೆ ಹೋಗಿ ಮತ್ತೆ ಮೊದಲಿನಿಂದ ಒದೆಯುವುದು.

“ಏ, ನಡಿಯಲೇ ಚೆನ್ನಿ!” ಅಂದ ಮಲ್ಲೇಶಿ.

“ಮುಂದಿನಾಕಿ ನಿಂತಾಳ. ಸುಮ್ನ ನಿಂದ್ರು,” ಅಂದ ಅಪ್ಪ.

“ಅಪ್ಪಾ, ಎಲ್ಲಿಗ ಒಯ್ಯಾಕತ್ತೈತಿ ಅದು?”

“ಎಲ್ಲಿಗಿ? ತಿಪ್ಪಿಗೆ,” ಅಂದ ಮಲ್ಲೇಶಿ.

“ನಮ್ಮ ತಿಪ್ಪಿಗೇನ?” ಎಂದು ಚೆನ್ನಿ ಕೇಳಿದಳು. “ಅಯ್ಯ, ಪಾಪ! ಭಾಳ ದೂರ ಆಗತೈತಿ ಅದಕ!”

ಅಪ್ಪ ಬಡಿಗೆ ಊರಿ ನಿಂತು ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ತುದಿ ಮುಟ್ಟಿದಾಗ ಬಿಸಿಲು ಏರಿತ್ತು. ಲಂಗಗಳ ತುಂಬ ಉತ್ತರಾಣಿ ಮುಳ್ಳು. ಅವ್ವ ಬಂಡೆಯ ಮೇಲೆ ಕೂತು ಒಂದೊಂದೇ ಕಿತ್ತಳು. ಮೇಲಿನಿಂದ ಇಡೀ ಮಾಸೂರು ಕಾಣುತ್ತದೆ. ನಮ್ಮ ಮನೆ ಯಾವುದು ಎಂದು ಚೆನ್ನಿ ಕೇಳಿದಳು. ಅಪ್ಪ ಅವಳ ಹಿಂದೆ ಮೊಣಕಾಲೂರಿ ಕೂತು, ಅವಳ ಕೈಯನ್ನೇ ಹಿಡಿದು ತೋರಿಸಿದ.

“ಅಲ್ಲಿ ನೋಡು, ಕರ್ರಗ ಗುಪ್ಪಿ ಕಾಣತೈತಲಾ? ಅದ ನಮ್ಮ ತಿಪ್ಪಿ. ಅದಕ್ಕ ಹತ್ತಿ ದುಂಡಗ ಇರೂದು ಬಾವಿ. ಅದರ ಮುಂದ ಮನಿ.”

ಅವ್ವ ಮುಳ್ಳು ಕೀಳುವುದನ್ನು ಬಿಟ್ಟು ನೋಡಿದಳು. “ಇಲ್ಲಿಂದ ನೋಡಿದ್ರ ಎಷ್ಟ ಹತ್ರ ಕಾಣತಾವರಿ ಎರಡೂ,” ಅಂದಳು.

“ಅಲ್ಲೂ ಹತ್ರನ ಅದಾವು. ಅಣ್ಣಗ ಹೇಳಿ ಹೇಳಿ ಬಾಯಿ ಸೋತು.”

ಉಂಡ ಮೇಲೆ ಒರತೆಗೆ ಇಳಿದೆವು. ಅತ್ತಿಮರದ ಬೇರಿನ ಸಂದಿಯಿಂದ ನೀರು ಜಿನುಗಿ ಕಲ್ಲಿನ ಬೋಗುಣಿಯಂಥ ಕುಳಿಯಲ್ಲಿ ನಿಲ್ಲುತ್ತಿತ್ತು. ತಳದ ಹರಳು ಎಣಿಸಬಹುದಾದಷ್ಟು ತಿಳಿ. ಅಪ್ಪ ಮುತ್ತಲ ಎಲೆ ಮಡಚಿ ಬಟ್ಟಲು ಮಾಡಿ ಮೊದಲು ಚೆನ್ನಿಗೆ ಕೊಟ್ಟ. ಬೆಲ್ಲ ತಿಂದ ಬಾಯಿಯೋ, ನಡೆದ ದಣಿವೋ, ಅವಳು ಕಣ್ಣರಳಿಸಿ “ಸಕ್ಕರಿ ನೀರು!” ಅಂದಳು. ನಾವೆಲ್ಲರೂ ಕುಡಿದೆವು. ಅಪ್ಪ ಕುಡಿದ, ಅವ್ವ ಕುಡಿದಳು, ಮಲ್ಲೇಶಿ ಹೊಟ್ಟೆ ಉಬ್ಬುವಷ್ಟು ಕುಡಿದ. ಎಲ್ಲರೂ ಕುಡಿದೆವು ಎಂಬುದನ್ನು ನಾನು ಎಷ್ಟು ಸಲ ಎಷ್ಟು ಜನರ ಮುಂದೆ ಹೇಳಿದ್ದೇನೋ, ಲೆಕ್ಕವಿಲ್ಲ.

ಇಳಿಯುವಾಗ ಚೆನ್ನಿ ಅಪ್ಪನ ಹೆಗಲ ಮೇಲೆ ನಿದ್ದೆ ಹೋದಳು. ಕೈಯಲ್ಲಿ ದಾರಿಯಲ್ಲಿ ಸಿಕ್ಕ ನವಿಲುಗರಿ. ಮನೆ ಮುಟ್ಟಿದ ಮೇಲೆ ಎದ್ದು, ಅದನ್ನು ದೊಡ್ಡಪ್ಪನಿಗೆ ಕೊಟ್ಟು, “ನವಲು ಬರೂದಿಲ್ಲ ಅಂತು. ಇದನ್ನ ಕೊಟ್ಟ ಕಳಿಸೈತಿ,” ಅಂದಳು. ದೊಡ್ಡಪ್ಪ ಗರಿಯನ್ನು ರುಮಾಲಿಗೆ ಸಿಕ್ಕಿಸಿಕೊಂಡು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಅವರಿಗೆ ಅವಳ ಮೇಲೆ ಜೀವ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ನನ್ನ ಸಿಟ್ಟು ಇಷ್ಟು ದಿನ ಬಾಳುತ್ತಿರಲಿಲ್ಲವೇನೋ.

ಅದಾದ ಒಂದೆರಡು ದಿನಕ್ಕೆ ಚಿತ್ತಿ ಮಳೆ ಹಿಡಿಯಿತು. ಹೋಗುವ ಮಳೆ ಎಂದು ಎಲ್ಲರೂ ಮರೆತಿದ್ದ ಮಳೆ. ಹಗಲು ರಾತ್ರಿ ಬಿಡದೆ ಹೊಡೆಯಿತು. ಹಿತ್ತಲಲ್ಲಿ ತಿಪ್ಪೆಗುಂಡಿ ತುಂಬಿ, ಕಪ್ಪು ನೀರು ಹರಿದು ಬಾವಿಯ ಕಟ್ಟೆಯ ಬುಡಕ್ಕೆ ನಿಂತಿತು. ಕಟ್ಟೆಯ ಕಲ್ಲು ಒಂದು ಕಡೆ ಸಡಿಲಾಗಿತ್ತು. ಅಪ್ಪ ಕೊಡ ಇಳಿಸಿ ನೀರು ಸೇದಿ, ಅಂಗೈಯಲ್ಲಿ ಹಿಡಿದು ನೋಡಿದ, ಮೂಸಿದ. ಕೊಡವನ್ನು ಹಾಗೇ ತಂದು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪನ ಮುಂದೆ ಇಟ್ಟ. ನಾನು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ.

“ಅಣ್ಣಾ, ನೀರ ನೋಡ್ರಿ. ತಿಪ್ಪಿ ನೀರ ಒಳಗ ಇಳದೈತಿ. ಮಳಿ ನಿಂತ ಕೂಡಲೇ ತಿಪ್ಪಿ ಊರ ಹೊರಗ ಹಾಕೂಣು. ಅಲ್ಲೀತನಕ ಕೆರಿ ಕಡಿಂದ ನೀರ ತರೂಣು.”

“ಮಳಿಗಾಲದಾಗ ಬಾವಿ ನೀರ ಕೆಂಪಾಗೂದು ಹೊಸಾದೇನ? ನಾಕ ದಿನಕ್ಕ ತಿಳಿ ಆಗತೈತಿ.”

“ಇದು ಕೆಂಪಲ್ಲಣ್ಣಾ. ವಾಸನಿ ನೋಡ್ರಿ.”

“ಈರ್ಯಾ, ತಿಪ್ಪಿ ಅಂದ್ರ ಲಕ್ಷ್ಮಿ. ಅಜ್ಜ ಹಾಕಿದ ಜಾಗಾ ಅದು. ದೀಪಾವಳಿ ಮಾರಿ ಮ್ಯಾಲ ಬಂದೈತಿ, ಈಗ ಲಕ್ಷ್ಮೀನ್ನ ಮನಿ ಹೊರಗ ಹಾಕೂಣು ಅಂತೀಯಲಾ, ನಿನಗ ತಲಿ ನೆಟ್ಟಗೈತಿಲ್ಲೋ?”

ಇದನ್ನು ಹೊರಗಿನವರಿಗೆ ತಿಳಿಸಿ ಹೇಳಬೇಕು. ನಮ್ಮ ಕಡೆ ದೀಪಾವಳಿಗೆ ಸಗಣಿಯಿಂದ ಪಾಂಡವರನ್ನು ಮಾಡಿ ಹೂ ಮುಡಿಸಿ ಮನೆಯ ಬಾಗಿಲಲ್ಲೆಲ್ಲ ಇಡುತ್ತಾರೆ. ತಿಪ್ಪೆಯ ಮೇಲೂ ಒಂದನ್ನಿಟ್ಟು ದೀಪ ಹಚ್ಚುತ್ತಾರೆ. ತಿಪ್ಪೆ ದೊಡ್ಡದಿದ್ದಷ್ಟೂ ಮನೆತನ ದೊಡ್ಡದು. ಹೆಣ್ಣು ಕೊಡುವವರು ಮೊದಲು ತಿಪ್ಪೆ ನೋಡಿ ಆಮೇಲೆ ಹುಡುಗನನ್ನು ನೋಡುತ್ತಿದ್ದ ಕಾಲ. ಗೊಬ್ಬರ ಕೊಡುವುದಕ್ಕೆ ಕೈ ಮುಗಿಯುವುದರಲ್ಲಿ ತಪ್ಪಿಲ್ಲ. ನಾನೂ ಮುಗಿದಿದ್ದೇನೆ. ಆದರೆ ಕೈ ಮುಗಿಯುವವರು ಕಣ್ಣನ್ನೂ ಮುಚ್ಚಬೇಕೆಂದು ಯಾರು ಹೇಳಿದ್ದರು?

ಮೊದಲು ಮಲಗಿದವಳು ಪಾರವ್ವಾಯಿ. ವಾಂತಿಭೇದಿ. ದೊಡ್ಡಪ್ಪನ ಮಾತೇ ನಡೆದು ನಾವು ಕುಡಿಯುತ್ತಿದ್ದ ಬಾವಿಯಿಂದಲೇ ಆಕೆಯ ಮನೆಗೂ ನೀರು ಹೋಗುತ್ತಿತ್ತು. ಎರಡನೆಯ ದಿನಕ್ಕೆ ಹೋಗಿಬಿಟ್ಟಳು. “ಮುದುಕಿ, ಎಷ್ಟ ದಿನಾ ಕುಂತಾಳು,” ಅಂದರು. ಆಕೆಗೆ ಮಣ್ಣು ಕೊಟ್ಟು ಬಂದ ಸಂಜೆ ಚೆನ್ನಿ ವಾಂತಿ ಮಾಡಿಕೊಂಡಳು. ರಾತ್ರಿಯೆಲ್ಲ ಭೇದಿ. ಬೆಳಗಾಗುವಷ್ಟರಲ್ಲಿ ಮಲ್ಲೇಶಿಗೂ ಶುರುವಾಯಿತು.

ಅಪ್ಪ ಮಸುಕಿನಲ್ಲೇ ಯಾರದೋ ಸೈಕಲ್ ಇಸಿದುಕೊಂಡು ಹಿರೇಕೆರೂರಿಗೆ ಡಾಕ್ಟರನ್ನು ಕರೆತರಲು ಹೋದ. ರಸ್ತೆಯೆಲ್ಲ ಕೆಸರು. ಹೋಗುವಾಗ ಅವ್ವನಿಗೆ, “ನೀರ ಕೇಳಿದ್ರ ಕೊಡು, ಕಾಸಿ ಕೊಡು,” ಎಂದು ಹೇಳಿ ಹೋದ. ನಾನು ಕಿವಿಯಾರೆ ಕೇಳಿದ್ದೇನೆ.

ಕೊಡಲು ಬಿಡಲಿಲ್ಲ. ಆಯಿ, ಅಪ್ಪನ ತಾಯಿ, ಹಾಸಿಗೆಯ ಪಕ್ಕದಲ್ಲೇ ಕೂತಿದ್ದಳು. ಭೇದಿಯಾದವರಿಗೆ ನೀರು ಕೊಟ್ಟರೆ ಇನ್ನೂ ಹೋಗುತ್ತದೆ, ಹೊಟ್ಟೆ ಒಣಗಿದರೆ ತಾನೇ ನಿಲ್ಲುತ್ತದೆ ಎಂಬುದು ಆಯಿಯ ಲೆಕ್ಕ. ಅವ್ವ ಕಾಸಿದ ನೀರಿನ ವಾಟಗ ತಂದಾಗ ಕೈಯಿಂದ ಕಸಿದು ದೂರ ಇಟ್ಟಳು.

“ಅತ್ತೀ, ಅವರು ಕೊಡು ಅಂತ ಹೇಳಿ ಹೋಗ್ಯಾರರಿ.”

“ಅವಗೇನ ಗೊತ್ತ? ಎಂಟ ಹಡದು ನಾಕ ಮಣ್ಣಿಗೆ ಕೊಟ್ಟಾಕಿ ನಾನು. ನನಗ ಹೇಳಬ್ಯಾಡ.”

ಚೆನ್ನಿಯ ತುಟಿ ಒಡೆದಿತ್ತು. ಕಣ್ಣು ಗುಳಿ ಬಿದ್ದಿತ್ತು. “ಅವ್ವಾ, ನೀರು,” ಅನ್ನುತ್ತಿದ್ದವಳು ಹೊತ್ತೇರಿದಂತೆ “ಸಕ್ಕರಿ ನೀರು” ಅನ್ನತೊಡಗಿದಳು.

“ಎಲ್ಲೀ ನೀರವಾ?” ಎಂದು ಆಯಿ ಬಗ್ಗಿ ಕೇಳಿದಳು.

“ಗುಡ್ಡದ್ದು.”

ಆಯಿ ಎದ್ದು ಹೊರಗೆ ಹೋಗಿ ದೊಡ್ಡಪ್ಪನನ್ನು ಕರೆದುಕೊಂಡು ಬಂದಳು. ಅವರು ಬಾಗಿಲಲ್ಲಿ ನಿಂತಂತೆಯೇ ಚೆನ್ನಿ ಮತ್ತೆ ಕೇಳಿದಳು, ಗುಡ್ಡದ ನೀರು ಬೇಕು ಎಂದು.

“ಕೇಳಿದೇನಪಾ? ಕೂಸಲ್ಲ ಅದು ಕೇಳೂದು,” ಅಂದಳು ಆಯಿ. “ಗುಡ್ಡದಾಗಿಂದು ಬೆನ್ನ ಹತ್ತಿ ಬಂದೈತಿ. ತನ್ನ ಜಾಗಾದ ನೀರ ಕೇಳಾಕತ್ತೈತಿ.”

ಬಾಯಾರಿದ ಕೂಸು ನೀರು ಕೇಳಿತು. ಎಲ್ಲಿ ರುಚಿಯಾದ ನೀರು ಕುಡಿದಿತ್ತೋ ಅಲ್ಲಿಯದನ್ನು ಕೇಳಿತು. ಅದನ್ನು ದೆವ್ವದ ಮಾತು ಅಂದರು. ಇಷ್ಟೇ ನಡೆದದ್ದು. ಇದಕ್ಕಿಂತ ಹೆಚ್ಚಿನದು ಆ ಮನೆಯಲ್ಲಿ ಏನೂ ನಡೆಯಲಿಲ್ಲ.

“ದೊಡ್ಡಪ್ಪಾ, ಅಲ್ಲಿ ನಾವೆಲ್ಲಾರೂ ನೀರ ಕುಡದೇವಿ. ಅದಕ್ಕ ಸಕ್ಕರಿ ನೀರು ಅಂತ ಹೆಸರಿಟ್ಟಾಕಿ ಇಕಿನ. ನೀರಡಿಕಿ ಆಗೈತಿರಿ ಇಕಿಗೆ,” ಅಂದೆ.

“ನೀ ಸುಮ್ಕಿರು. ಇದು ಸಾಲಿ ಪುಸ್ತಕ ಅಲ್ಲ.”

ರುಮಾಲಿನ ನವಿಲುಗರಿಯನ್ನು ದೊಡ್ಡಪ್ಪ ಗೂಟಕ್ಕೆ ಸಿಕ್ಕಿಸಿಟ್ಟಿದ್ದರು. ಗುಡ್ಡದ ವಸ್ತು ಎಂದು ಅದನ್ನು ಕಿತ್ತು ಒಲೆಗೆ ಹಾಕಿದರು. ಅದೇ ಒಲೆಯಲ್ಲಿ ಕುಡಗೋಲಿನ ತುದಿ ಕಾಯಲು ಇಟ್ಟರು, ಹೊಟ್ಟೆಗೆ ಬರೆ ಹಾಕಲು. ಅವ್ವ ಆ ಮನೆಗೆ ಬಂದ ಮೇಲೆ ದೊಡ್ಡಪ್ಪನ ಎದುರು ತಲೆ ಎತ್ತಿದವಳಲ್ಲ. ಅವತ್ತು ಚೆನ್ನಿಯ ಮೇಲೆ ಬೋರಲು ಬಿದ್ದುಕೊಂಡಳು. “ಹಾಕೂದಾದ್ರ ನನ್ನ ಬೆನ್ನಿಗೆ ಹಾಕ್ರಿ,” ಅಂದಳು. ದೊಡ್ಡಪ್ಪ ಕುಡಗೋಲು ನೆಲಕ್ಕೆ ಒಗೆದು ಹೊರಗೆ ಹೋದರು. ಆ ಗದ್ದಲದಲ್ಲಿ ನಾನು ದೂರ ಇಟ್ಟಿದ್ದ ವಾಟಗವನ್ನು ಮಲ್ಲೇಶಿಯ ಕೋಣೆಗೆ ಒಯ್ದೆ. ಅವನು ಒಂದೇ ಉಸಿರಿಗೆ ಕುಡಿದ. ಅವನ ಬಳಿ ಕಾವಲಿಗೆ ಯಾರೂ ಕೂತಿರಲಿಲ್ಲ. ಅವನು ಗುಡ್ಡದ ಹೆಸರು ಹೇಳಿರಲಿಲ್ಲ. ಹಾಗಾಗಿ ದಿನವಿಡೀ ನೀರು ಕುಡಿದ. ಬದುಕಿದ.

ಅಪ್ಪ ಬಂದಾಗ ಮಧ್ಯಾಹ್ನ ದಾಟಿತ್ತು, ಮೈಯೆಲ್ಲ ಕೆಸರು. ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಅಲ್ಲೂ ಇದೇ ರೋಗ. ಕಂಪೌಂಡರ್ ಒಂದು ಬಾಟಲಿ ಔಷಧ ಕೊಟ್ಟು, ಕುದಿಸಿ ಆರಿಸಿದ ನೀರನ್ನು ಬೇಡಿದಷ್ಟು ಕೊಡಿ, ಬಾವಿಯ ನೀರು ನಿಲ್ಲಿಸಿ ಎಂದು ಹೇಳಿ ಕಳಿಸಿದ್ದ. ಅಪ್ಪ ಯಾರ ಕಡೆಯೂ ನೋಡಲಿಲ್ಲ. ಚೆನ್ನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ನೀರು ಬಿಟ್ಟ. ಒಂದಿಷ್ಟು ಒಳಗೆ ಹೋಯಿತು, ಒಂದಿಷ್ಟು ಕಟಬಾಯಿಯಿಂದ ಇಳಿಯಿತು.

“ಇದ ಅದಲ್ಲ,” ಅಂದಳು.

“ಹೌದವಾ, ಇದ ಅದಲ್ಲ. ನಾಳೆ ಅದನ್ನ ತರ್ತೇನಿ. ಈಗ ಇದನ್ನ ಕುಡಿ.”

ದೀಪ ಹಚ್ಚುವ ಹೊತ್ತಿಗೆ ಹೋದಳು. ಮರುದಿನ ಬೆಳಿಗ್ಗೆ ಅಪ್ಪ ಅವಳನ್ನು ಗುಡ್ಡಕ್ಕೆ ಒಯ್ದಿದ್ದ ಅದೇ ಕಂಬಳಿಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದ. ಹಿಂದೆ ಓಣಿಯ ಗಂಡಸರು. ಅವತ್ತೂ ಸಣ್ಣವಳೇ ಮುಂದಿದ್ದಳು.

ದುಃಖದ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಅದು ಎಲ್ಲರ ಮನೆಯಲ್ಲೂ ಒಂದೇ ತರಹ ಇರುತ್ತದೆ. ನನಗೆ ಬರೆಯಬೇಕಾಗಿರುವುದು ಆಮೇಲೆ ನಡೆದದ್ದು.

ಕೆಲವು ದಿನಕ್ಕೆ ಸರ್ಕಾರದ ಕಡೆಯ ಇಬ್ಬರು ಬಂದು ಓಣಿಯ ಬಾವಿಗಳಿಗೆಲ್ಲ ಬಿಳಿ ಪುಡಿ ಹಾಕಿದರು. ನಮ್ಮ ಹಿತ್ತಲಿಗೆ ಬಂದವರು ಮೂಗು ಮುಚ್ಚಿಕೊಂಡು, “ಯಜಮಾನ್ರ, ಮೊದಲ ಈ ತಿಪ್ಪಿ ಕೀಳಸ್ರಿ. ಇಲ್ಲಾಂದ್ರ ಎಷ್ಟ ಪುಡಿ ಹಾಕಿದ್ರೂ ಅಷ್ಟ,” ಅಂದರು. ದೊಡ್ಡಪ್ಪ ಹೂಂ ಅಂದರು. ನಾವೆಲ್ಲ ಕೇಳುತ್ತಿದ್ದೆವು.

ದೀಪಾವಳಿ ಬಂತು. ಸಾವಾದ ಮನೆ, ಈ ವರ್ಷ ಹಬ್ಬವಿಲ್ಲ ಅಂದರು. ಒಲೆಯ ಮೇಲೆ ಎಣ್ಣೆ ಇಡಲಿಲ್ಲ, ಬಾಗಿಲಿಗೆ ತೋರಣ ಕಟ್ಟಲಿಲ್ಲ. ಆದರೆ ತಿಪ್ಪೆಯನ್ನು ಬಿಡಬಾರದು ಎಂದು ಆಯಿ ಹೇಳಿದಳಂತೆ. ಸಂಜೆ ನಾನು ಹಿತ್ತಲಿಗೆ ಹೋದಾಗ ತಿಪ್ಪೆಯ ನೆತ್ತಿಯ ಮೇಲೆ ಪಣತಿ ಉರಿಯುತ್ತಿತ್ತು, ಪಕ್ಕದಲ್ಲಿ ಚೆಂಡು ಹೂ ಮುಡಿದ ಸಗಣಿಯ ಪಾಂಡವ. ಚೆನ್ನಿ ಮಲಗಿ ಸತ್ತ ಕೋಣೆಯಲ್ಲಿ ದೀಪ ಇರಲಿಲ್ಲ. ನಾನು ಪಣತಿಯನ್ನು ಎತ್ತಿ ತಂದು ಆ ಕೋಣೆಯಲ್ಲಿಟ್ಟೆ. ಯಾಕೆ ತಂದೆ ಎಂದು ದೊಡ್ಡಪ್ಪ ಬೈದರು. ನಾನು ಶಾಲೆಯ ಪುಸ್ತಕ ತಂದು, ಬಾವಿಯ ಹತ್ತಿರ ಗೊಬ್ಬರದ ಗುಂಡಿ ಇರಬಾರದು ಎಂಬ ಪಾಠವನ್ನು ಅವರ ಮುಂದೆ ನಿಂತು ಗಟ್ಟಿಯಾಗಿ ಓದಿದೆ. “ಹುಡುಗ್ಯಾರಿಗೆ ಸಾಲಿ ಕಲಿಸಿದ್ರ ಹಿಂಗ ಆಗತೈತಿ,” ಅಂದು ಎದ್ದು ಹೋದರು.

ಆದರೆ ಹಬ್ಬ ಮುಗಿದ ವಾರದಲ್ಲೇ ಬಂಡಿ ಹೂಡಿಸಿ ಇಡೀ ತಿಪ್ಪೆಯನ್ನು ಊರ ಹೊರಗಿನ ಹೊಲಕ್ಕೆ ಸಾಗಿಸಿದರು. ಬಾವಿಯ ಸಡಿಲ ಕಲ್ಲನ್ನು ಗಚ್ಚು ಹಾಕಿಸಿ ಕೂರಿಸಿದರು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ತಿಳಿಯದೆ ಮಾಡುವ ಕೆಲಸವಲ್ಲ ಅದು. ಗೊತ್ತಿತ್ತು ಅವರಿಗೆ. ತಿಪ್ಪೆಯನ್ನು ತೆಗೆಸಿದರು, ಗುಡ್ಡದ ಮೇಲೆ ಹೊರಿಸಿದ ಮಾತನ್ನು ಮಾತ್ರ ಹಿಂದೆ ತೆಗೆಯಲಿಲ್ಲ.

ಮಾತು ಬೆಳೆಯಿತು. ಈರಪ್ಪ ಕೆಲಸವಿಲ್ಲದೆ ಗುಡ್ಡ ಹತ್ತಿಸಿದ, ಕೂಸನ್ನೇ ಮುಂದೆ ಬಿಟ್ಟು ತಾನು ಹಿಂದೆ ಬಂದ, ಕಂಡ ಕಂಡ ನೀರು ಕುಡಿಸಿದ, ಬರೆಯನ್ನೂ ಹಾಕಿಸಲಿಲ್ಲ. ಹೊಲದಲ್ಲಿ, ಕಟ್ಟೆಯ ಮೇಲೆ, ಮದುವೆಯ ಮನೆಗಳಲ್ಲಿ ಇದೇ ಮಾತು. ಪಾರವ್ವಾಯಿ ಯಾವ ಗುಡ್ಡ ಹತ್ತಿದ್ದಳು ಎಂದು ನಾನು ಕೇಳಿದರೆ, “ಆಕಿಗೆ ವಯಸ್ಸಾಗಿತ್ತು” ಅನ್ನುವರು. ಮಲ್ಲೇಶಿಯೂ ಮಲಗಿದ್ದನಲ್ಲ, ಅವನು ಹೇಗೆ ಉಳಿದ ಎಂದರೆ, “ಗಂಡು ಹುಡುಗ, ಗಟ್ಟಿ ಜೀವ” ಅನ್ನುವರು. ಎಲ್ಲದಕ್ಕೂ ಒಂದೊಂದು ಉತ್ತರ ಇತ್ತು. ಬಾವಿ ಎಂಬ ಉತ್ತರ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಅಪ್ಪ ಒಂದಕ್ಕೂ ಎದುರಾಡಲಿಲ್ಲ. ಅಣ್ಣನ ಮಾನ ಹೋಗುತ್ತದೆ ಎಂದೋ, ಆಡಿದರೆ ಮನೆ ಒಡೆಯುತ್ತದೆ ಎಂದೋ. ಮುಂದಿನ ಸೀಗಿ ಹುಣ್ಣಿಮೆಯ ಮರುದಿನ ಅವನು ಗುಡ್ಡಕ್ಕೆ ಹೋಗದೆ ದನದ ದಂದಕ್ಕಿ ಬಳಿದ. ಅದರ ಮರುವರ್ಷವೂ. ಗುಡ್ಡದ ಕಡೆಯ ಬಾಗಿಲು ತೆರೆದಿದ್ದರೆ ಮುಚ್ಚಿ ಕೂರುತ್ತಿದ್ದ. ಓಣಿಯ ಮಕ್ಕಳು ಗುಡ್ಡದ ಹೆಸರೆತ್ತಿದರೆ ತಾಯಂದಿರು ನಮ್ಮಪ್ಪನನ್ನು ತೋರಿಸಿ ಹೆದರಿಸುತ್ತಿದ್ದರು. ಅವ್ವ ಹೇಳುತ್ತಾಳೆ, ದೊಡ್ಡಪ್ಪ ಕೆಟ್ಟವರಲ್ಲ, ಚೆನ್ನಿ ಹೋದಾಗ ಅವರೂ ಊಟ ಬಿಟ್ಟಿದ್ದರು ಎಂದು. ಬಿಟ್ಟಿದ್ದು ನಿಜ. ನಾನು ಅವರ ಊಟದ ಮಾತು ಆಡುತ್ತಿಲ್ಲ.

ಮುಲ್ಕಿ ಪಾಸಾದ ಮೇಲೆ ನನ್ನನ್ನು ಹಾನಗಲ್ಲಿಗೆ ಕೊಟ್ಟರು. ನನಗೂ ಮಕ್ಕಳಾದವು. ಈ ವರ್ಷ ಮಳೆಗಾಲ ಹಿಡಿಯುವ ಮುಂಚೆ ಅಪ್ಪನಿಗೆ ಎದೆಯ ಬೇನೆ ಎಂದು ಸುದ್ದಿ ಬಂತು. ಹೋದೆ. ತುಂಬ ಸೊರಗಿದ್ದ. ಒಂದು ಮಧ್ಯಾಹ್ನ ಅವ್ವ ಒಳಗಿದ್ದಾಗ ನನ್ನ ಕೈ ಹಿಡಿದು ಹತ್ತಿರ ಕರೆದ.

“ಶಾಂತಾ, ಒಂದ ಮಾತ ಕೇಳ್ತೇನಿ. ಆ ಒರತಿ ನೀರಾಗ ಏನರ ಇತ್ತೇನವಾ?”

ನನಗೆ ಮೈ ಉರಿದುಹೋಯಿತು. ಅವನ ಮೇಲಲ್ಲ. ಆ ಬಾವಿಯ ನೀರನ್ನು ಅಂಗೈಯಲ್ಲಿ ಹಿಡಿದು ಮೂಸಿ ನೋಡಿದ್ದವನು ಇವನೇ. ಅಣ್ಣನ ಮುಂದೆ ಕೊಡ ಇಟ್ಟವನು ಇವನೇ. ಅವನ ಬಾಯಿಂದಲೇ ಈ ಮಾತು ಬರುವ ಹಾಗೆ ಮಾಡಿದ್ದರಲ್ಲ!

“ಏನೂ ಇರಲಿಲ್ಲಪ್ಪಾ. ನಾವೆಲ್ಲಾರೂ ಕುಡದೇವಲಾ. ನೀನೂ ಕುಡದಿ.”

“ನಾವ ದೊಡ್ಡವರಿದ್ವಿ. ಅಕಿ ಸಣ್ಣಾಕಿ.”

“ಮಲ್ಲ್ಯಾ ಏನ ದೊಡ್ಡಾಂವ ಇದ್ನೇನ? ಬಾವಿ ಅಪ್ಪಾ ಅದು. ನೀನ ಹೇಳಿದ್ದಿ ಅವತ್ತ.”

“ಹೇಳಿದ್ನಿ,” ಅಂದ. ಆಮೇಲೆ “ಹೇಳಿದ್ನಿ ಹೌದಲಾ?” ಎಂದು ನನ್ನನ್ನೇ ಕೇಳಿದ. ನಾನು ಹೌದು ಅಂದೆ. ಮತ್ತೆ ಮತ್ತೆ ಹೌದು ಅಂದೆ. ಅವನು ಅದನ್ನು ನಂಬಿ ಹೋದನೋ ಇಲ್ಲವೋ ನನಗೆ ತಿಳಿಯದು.

ಅಪ್ಪನಿಗೆ ಮಣ್ಣು ಕೊಟ್ಟು ಬಂದ ಮೇಲೆ ಮಾತಾಡಿಸಲು ಬಂದವರು ಪಡಸಾಲೆಯ ತುಂಬ ಕೂತಿದ್ದರು. ದೊಡ್ಡಪ್ಪ ಕಂಬಕ್ಕೆ ಒರಗಿದ್ದರು. ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ದೂರದಿಂದ ಬಂದ ಯಾರೋ ಅಪ್ಪನ ಗುಣ ಹೊಗಳಿದರು. ದೊಡ್ಡಪ್ಪ ನಿಟ್ಟುಸಿರು ಬಿಟ್ಟು, “ಛಲೋ ಮನಷ್ಯಾ. ಒಂದ ಹುಡುಗಾಟಕಿ ಮಾಡಿ ಮಗಳ್ನ ಗುಡ್ಡಕ್ಕ ಒಯ್ದು ಕಳಕೊಂಡಾ. ಅದ ಕೊರಗಿನ್ಯಾಗ ಸವದಾ,” ಅಂದರು.

ನಾನು ಎದ್ದು ನಿಂತೆ. ಗಂಡಸರು ಕೂತ ಪಡಸಾಲೆಯಲ್ಲಿ ಹಾಗೆ ನಿಲ್ಲುವ ರೂಢಿ ನಮ್ಮಲ್ಲಿಲ್ಲ.

“ದೊಡ್ಡಪ್ಪಾ, ತಿಪ್ಪಿ ಯಾಕ ಕೀಳಿಸಿದ್ರಿ?” ಎಂದು ಕೇಳಿದೆ.

ಕೂತವರೆಲ್ಲ ನನ್ನ ಕಡೆ ತಿರುಗಿದರು.

“ಲಕ್ಷ್ಮೀನ್ನ ಹೊರಗ ಹಾಕಬಾರದು ಅಂದಿದ್ರಿ. ದೀಪಾ ಹಚ್ಚಿದ್ರಿ. ಮುಂದಿನ ವಾರದಾಗ ಯಾಕ ಬಂಡಿ ಹೂಡಿಸಿದ್ರಿ? ನಮ್ಮಪ್ಪಂದು ತಪ್ಪಿದ್ರ, ಬಾವಿಗೆ ಯಾಕ ಗಚ್ಚ ಹಾಕಿಸಿದ್ರಿ?”

ದೊಡ್ಡಪ್ಪ ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು. ತುಟಿ ಅಲುಗಿತು. ಏನೋ ಹೇಳುತ್ತಾರೆ ಎಂದು ನಾನು ಕಾದೆ. ಅವ್ವನೂ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಾದಳು.

“ಹಳೇದೆಲ್ಲಾ ಈಗ್ಯಾಕ ತಗೀತೀ ತಂಗಿ,” ಅಂದರು ಯಾರೋ. “ಹೋದವ್ರು ಹೋದ್ರು.” ಇನ್ನೊಬ್ಬರು ಎಲೆ ಅಡಿಕೆಯ ತಟ್ಟೆಯನ್ನು ಮುಂದೆ ಸರಿಸಿದರು. ದೊಡ್ಡಪ್ಪ ಒಂದು ಎಲೆ ತೆಗೆದುಕೊಂಡು ಅದರ ತೊಟ್ಟು ಮುರಿಯತೊಡಗಿದರು.

ಹಾನಗಲ್ಲಿಗೆ ಮರಳುವ ಮುನ್ನ ನನ್ನ ಮಕ್ಕಳನ್ನು ಕರೆದುಕೊಂಡು ಗುಡ್ಡಕ್ಕೆ ಹೋದೆ. ಅವ್ವ ಬೇಡ ಅನ್ನಲಿಲ್ಲ, ಬುತ್ತಿ ಕಟ್ಟಿಕೊಟ್ಟಳು. ಸಣ್ಣ ಮಗಳನ್ನು ಮುಂದೆ ಬಿಟ್ಟೆ. ಅತ್ತಿಮರ ಇದೆ, ಒರತೆಯೂ ಇದೆ. ಎಲೆಯಲ್ಲಿ ಹಿಡಿದು ಮಕ್ಕಳಿಗೆ ಕುಡಿಸಿದೆ, ನಾನೂ ಕುಡಿದೆ. ಮರುದಿನವೂ, ಅದರ ಮರುದಿನವೂ ಎಲ್ಲರೂ ಚೆನ್ನಾಗಿಯೇ ಇದ್ದೆವು. ಅದನ್ನು ಓಣಿಯಲ್ಲಿ ಕಂಡವರಿಗೆಲ್ಲ ಹೇಳಿ ಬಂದೆ.

ದೊಡ್ಡಪ್ಪ ಇನ್ನೂ ಇದ್ದಾರೆ. ಈರಪ್ಪನದು ತಪ್ಪಿರಲಿಲ್ಲ ಎಂಬ ಮಾತನ್ನು ಅವರು ಈವರೆಗೆ ಆಡಿಲ್ಲ.